ಹಳೆಯ ಪ್ರೊಸೆಸರಿನ ಪುನರುಜ್ಜೀವನ: ಒಂದು ವಿಮರ್ಶೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಸುಮಾರು ಒಂದೂವರೆ ಸಾವಿರ ವರ್ಷಗಳಷ್ಟು ಹಳೆಯದು. ಕಲ್ಲು ಉಳಿಯಿತು, ಆದರೆ ಅದರ ಲಿಪಿಯನ್ನು ಓದಬಲ್ಲವರ ಪರಂಪರೆ ನಡುವೆ ಕಡಿದುಹೋಯಿತು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟ 1902ರಲ್ಲಿ ಶಿಕಾರಿಪುರದ ಶಾಸನಗಳನ್ನೂ, 8ನೆಯ ಸಂಪುಟ 1904ರಲ್ಲಿ ಸೊರಬದ ಶಾಸನಗಳನ್ನೂ ಅಚ್ಚಿನಲ್ಲಿ ಒದಗಿಸಿದವು. ವಸ್ತುವು ಉಳಿದರೂ ಅದನ್ನು ಬಳಸುವ ವಿದ್ಯೆ ಅಳಿಯಬಹುದೆಂಬ ಈ ಮಾತು ಗಣಕಯಂತ್ರಗಳಿಗೂ ಸಲ್ಲುತ್ತದೆ.

ಈ ಎರಡು ತಾಲ್ಲೂಕುಗಳ ವೀರಗಲ್ಲು, ಮಾಸ್ತಿಕಲ್ಲುಗಳ ಪಟ್ಟಿಯೊಂದನ್ನು ವಿದ್ಯಾರ್ಥಿಗಳೊಡನೆ ನಾನು ಸಿದ್ಧಪಡಿಸಿದ್ದು 32 ಬಿಟ್‌ನ ಹಳೆಯ ಯಂತ್ರದಲ್ಲಿ. ಯಂತ್ರ ಇನ್ನೂ ಸುಸ್ಥಿತಿಯಲ್ಲಿದೆ. ಆದರೆ 2025ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ 13ನೆಯ ಆವೃತ್ತಿಯು ಅಂತಹ ಐ386 ವರ್ಗದ ಯಂತ್ರಗಳಿಗೆ ಕರ್ನೆಲನ್ನಾಗಲಿ ಅನುಸ್ಥಾಪಕವನ್ನಾಗಲಿ ನೀಡುವುದಿಲ್ಲ. ಲಿನಕ್ಸ್ ವಿತರಣೆಯೆಂದರೆ ಸಾವಿರಾರು ತಂತ್ರಾಂಶಗಳನ್ನು ಆಯಾ ಪ್ರೊಸೆಸರಿಗೆ ತಕ್ಕಂತೆ ಕಂಪೈಲ್ ಮಾಡಿ, ಪರೀಕ್ಷಿಸಿ ಒದಗಿಸುವ ವ್ಯವಸ್ಥೆ. ಮೂಲ ಒಂದೇ ಆದರೂ ಪ್ರತಿಯೊಂದು ಪ್ರೊಸೆಸರಿಗೂ ಬೇರೆ ಪಾಠ ಸಿದ್ಧವಾಗಬೇಕು. ಆ ಶ್ರಮ ನಿಂತೊಡನೆ ಯಂತ್ರವು ಓದುಗರಿಲ್ಲದ ಶಾಸನವಾಗುತ್ತದೆ.

ಹೀಗೆ ಕೈಬಿಟ್ಟುದನ್ನು ಮತ್ತೆ ಎತ್ತಿಕೊಂಡವರುಂಟು. ಆರ್ಚ್ ಲಿನಕ್ಸ್ 2017ರಲ್ಲಿ ಐ686 ಬೆಂಬಲವನ್ನು ಕೊನೆಗಾಣಿಸಿದಾಗ, ಆಸಕ್ತರು ‘ಆರ್ಚ್ ಲಿನಕ್ಸ್ 32’ ಎಂಬ ಪ್ರತ್ಯೇಕ ಯೋಜನೆಯನ್ನು ಆರಂಭಿಸಿದರು. ಅದಕ್ಕೂ ಹಿಂದೆ, ಮೊಟೊರೊಲಾ 68000 ಕುಲದ ಎಂ68ಕೆ ಬೆಂಬಲವು 2007ರ ಡೆಬಿಯನ್ 4.0ರ ಅಧಿಕೃತ ಬಿಡುಗಡೆಯಲ್ಲಿ ಸೇರದೆ ಹೋಯಿತು. ಮುಂದೆ ಸ್ವಯಂಸೇವಕರು ಅದನ್ನು ಅನಧಿಕೃತ ಶಾಖೆಯಾಗಿ ಬದುಕಿಸಿದರು. ನಿಧಾನವಾದ ಹಳೆಯ ಯಂತ್ರಗಳು ಸಾಲದಾದಾಗ, ಹೊಸ ಯಂತ್ರದೊಳಗೆ ಹಳೆಯದನ್ನು ಅನುಕರಿಸುವ ‘ಅರಾನಿಂ’ ತಂತ್ರಾಂಶವನ್ನೂ ಬಳಸಿದರು. ಹಳೆಯದನ್ನು ಉಳಿಸಿದ್ದು ಹೊಸದರ ಬಲವೇ ಎಂಬುದು ಇಲ್ಲಿ ಗಮನಾರ್ಹ.

ಇಂತಹ ಉದ್ಯಮಗಳನ್ನು ಹಳೆಯದರ ಮೋಹವೆಂದು ತಳ್ಳಿಹಾಕುವುದು ಸಮಂಜಸವಲ್ಲ. ಹಾಗೆಂದು ಪುನರುಜ್ಜೀವನವೆಂಬ ಹೆಸರಿಗೆ ಮರುಳಾಗುವುದೂ ಸಲ್ಲದು. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವ 32 ಬಿಟ್‌ನ ಕಾಲಗಣನೆ 2038ರ ಜನವರಿ 19ರಂದು ತುಂಬಿಹೋಗುತ್ತದೆ. ಇದನ್ನು ತಪ್ಪಿಸಲು ಡೆಬಿಯನ್ 2024ರಲ್ಲಿ ಇತರ 32 ಬಿಟ್ ಪ್ರೊಸೆಸರುಗಳನ್ನು 64 ಬಿಟ್ ಕಾಲಗಣನೆಗೆ ಒಯ್ದಿತು; ಹಳೆಯ ತಂತ್ರಾಂಶಗಳು ಇದ್ದಂತೆಯೇ ನಡೆಯಲೆಂದು ಐ386 ಅನ್ನು ಮಾತ್ರ ಬದಲಿಸದೆ ಬಿಟ್ಟಿತು. ಹಳೆಯದಕ್ಕೆ ತೋರಿದ ಈ ನಿಷ್ಠೆಯೇ ಅದರ ಆಯುಸ್ಸಿಗೆ ಮಿತಿ ಹಾಕಿತು. ಶಾಸನವನ್ನು ಯಥಾಸ್ಥಿತಿಯಲ್ಲಿ ಕಾಪಾಡುವುದು ಬೇರೆ, ಅದರ ಪಾಠವನ್ನು ಮುಂದಿನವರು ಓದುವಂತೆ ಮಾಡುವುದು ಬೇರೆ. ಯಂತ್ರಗಳ ವಿಷಯದಲ್ಲಿಯೂ ಈ ಎರಡನ್ನು ಬೆರೆಸಬಾರದು.

ಆದುದರಿಂದ ಇಂತಹ ಯೋಜನೆಯ ಬೆಲೆಯನ್ನು ಅದು ಮೊದಲ ದಿನ ಎಬ್ಬಿಸಿದ ಯಂತ್ರದಿಂದ ಅಳೆಯದೆ, ಮುಂದಿನ ವರ್ಷವೂ ಭದ್ರತೆಯ ತಿದ್ದುಪಡಿಗಳನ್ನು ಸಿದ್ಧಪಡಿಸುವ ಕೈಗಳಿವೆಯೇ ಎಂಬುದರಿಂದ ಅಳೆಯಬೇಕು. ಕೈಗಳಿರುವಷ್ಟು ಕಾಲ ಹಳೆಯ ಯಂತ್ರವನ್ನು ಬಿಸಾಡುವ ಕಾರಣವಿಲ್ಲ; ಪರೀಕ್ಷಿಸಿ ದೋಷಗಳನ್ನು ವರದಿಮಾಡುವ ಕೆಲಸದಲ್ಲಿ ನಮ್ಮ ವಿದ್ಯಾರ್ಥಿಗಳೂ ಪಾಲುಗೊಳ್ಳಬಹುದು. ಆದರೆ ನಮ್ಮ ವೀರಗಲ್ಲುಗಳ ಪಟ್ಟಿಯನ್ನು ಆ ಒಂದೇ ಯಂತ್ರದ ಹಣೆಬರಹಕ್ಕೆ ಕಟ್ಟಿಹಾಕುವುದು ತಪ್ಪು. ಅದನ್ನು ಯುನಿಕೋಡಿನ ಸರಳ ಪಠ್ಯವಾಗಿ ಎರಡು ಕಡೆ ಪ್ರತಿಮಾಡಿ ಇಡಬೇಕು. ಕಲ್ಲಿಗೆ ಓದುಗರು ಮತ್ತೆ ದೊರೆಯಲು ಶತಮಾನಗಳೇ ಬೇಕಾದವು. ಈ ಕಡತಗಳು ಅಷ್ಟು ಕಾಲ ಕಾದಿರಲಾರವು.