ಜೀನಿನ ರೂಪಕ, ಬಿಲ್ಲಿನ ವಿವೇಕ

ಚಂದಾ ಲೆಕ್ಕದಲ್ಲಿ ಸಾಫ್ಟ್‌ವೇರ್ ಮಾರುವವರ ನಡುವೆ ಪಠ್ಯವೇ ಆಗಿಬಿಟ್ಟಿರುವ ಒಂದು ಪತ್ರವಿದೆ. ಕಚೇರಿ ಮಾತುಕತೆಯ ತಂತ್ರಾಂಶವಾದ ಸ್ಲ್ಯಾಕ್‌ನ ಸಹಸ್ಥಾಪಕ ಸ್ಟುವರ್ಟ್ ಬಟರ್‌ಫೀಲ್ಡ್ 2013ರ ಜುಲೈ ಕೊನೆಯಲ್ಲಿ, ಸರಕು ಹೊರಗಿನವರ ಕೈಗೆ ಹೋಗಲು ಎರಡು ವಾರವಿದ್ದಾಗ, ತಮ್ಮ ಪುಟ್ಟ ತಂಡಕ್ಕೆ ಅದನ್ನು ಬರೆದರು. ಮರುವರ್ಷ ಅದು ಎಲ್ಲರಿಗೂ ಓದಲು ಸಿಕ್ಕಿತು. ನಾವು ಇಲ್ಲಿ ಕುದುರೆಯ ಜೀನು ಮಾರುವವರಲ್ಲ ಎಂಬ ಅರ್ಥದ ತಲೆಬರಹ ಅದರದು. ಕಿಕ್ಕಿರಿದ ಮಾರುಕಟ್ಟೆಯಲ್ಲಿ ಬೆಳೆಯುವ ದಾರಿ ಕೇಳಿದವರಿಗೆ ಇವತ್ತಿಗೂ ಈ ಪತ್ರವನ್ನೇ ಕೈಗಿಡುತ್ತಾರೆ. ಬರಹ ಒಳ್ಳೆಯದೇ. ಆದರೆ ಜನ ಮೆಚ್ಚಿ ಎತ್ತಿಹೇಳುವ ಭಾಗ ಅದರ ಅತಿ ದುರ್ಬಲ ಭಾಗ. ಅದರ ಜೀವ ಇರುವುದು ಯಾರೂ ನಿಂತು ಓದದ ಇನ್ನೊಂದು ಕಡೆ.

ಗ್ಲಿಚ್ ಎಂಬ ಆಟ ಮುಚ್ಚಿದ ಮೇಲೆ, ಅದನ್ನು ಕಟ್ಟುವಾಗ ತಮ್ಮ ಮಾತುಕತೆಗೆಂದು ಮಾಡಿಕೊಂಡಿದ್ದ ಸಾಧನವನ್ನೇ ಆ ತಂಡ ಸರಕಾಗಿಸಿದ ಕಥೆ ಓದುಗರಿಗೆ ಗೊತ್ತಿದೆ. ಅಂಥದೇ ಕೆಲಸಕ್ಕೆ ಕ್ಯಾಂಪ್‌ಫೈರ್ ಆಗಲೇ ಇತ್ತು, ಅಟ್ಲಾಸಿಯನ್ ಕೊಂಡಿದ್ದ ಹಿಪ್‌ಚಾಟ್ ಇತ್ತು, 2012ರಲ್ಲಿ ಮೈಕ್ರೋಸಾಫ್ಟ್ 120 ಕೋಟಿ ಡಾಲರ್ ತೆತ್ತು ಕೊಂಡ ಯಾಮರ್ ಇತ್ತು. ಹೊಸಬರಿಗೆ ಜಾಗವಿದೆಯೆಂದು ಹೇಳುವ ಧೈರ್ಯ ಹೆಚ್ಚು ಜನಕ್ಕೆ ಇರಲಾರದು.

ಪತ್ರದ ನಡುವೆ ಆಕ್ಮೆ ಎಂಬ ಕಲ್ಪಿತ ಕಂಪನಿ ಬರುತ್ತದೆ. ಅದು ಜೀನು ತಯಾರಿಸುತ್ತದೆ. ಚರ್ಮದ ಗುಣ, ಕುಸುರಿ, ಬಾಳಿಕೆ, ಬಗೆಬಗೆಯ ಅಳತೆ ಹೇಳಿ ಜೀನನ್ನು ಮಾರಬಹುದು. ಇಲ್ಲವೇ ಸವಾರಿಯನ್ನೇ ಮಾರಬಹುದು: ಶಾಲಾ ಮಕ್ಕಳಿಗೆ ಸವಾರಿಯ ರುಚಿ ಹತ್ತಿಸುವ ಕಾರ್ಯಕ್ರಮಗಳಿಗೆ ನೆರವಾಗುವುದು, ಸವಾರಿ ಹಾದಿಗಳ ನಕ್ಷೆ ಮಾಡಿಕೊಡುವುದು. ಸವಾರರು ಹೆಚ್ಚಿದರೆ ಜೀನಿಗೂ ಗಿರಾಕಿ ಹೆಚ್ಚುತ್ತಾರೆ. ಹಾಗೆಯೇ ಸ್ಲ್ಯಾಕ್ ಚಾಟ್ ತಂತ್ರಾಂಶದ ಬದಲು ಕಚೇರಿಯ ಕೆಲಸದ ರೀತಿಯಲ್ಲಿ ಆಗುವ ಬದಲಾವಣೆಯನ್ನು ಮಾರಬೇಕು ಎಂಬಲ್ಲಿಗೆ ವಾದ ಮುಟ್ಟುತ್ತದೆ.

ಓದುವಾಗ ಮನಸ್ಸು ಒಪ್ಪಿಬಿಡುತ್ತದೆ. ನಿಂತು ನೋಡಿದರೆ ಎರಡು ಕಡೆ ಬಿರುಕು ಕಾಣುತ್ತದೆ. ಜೀನು ಕೊಳ್ಳುವವನೇ ಕುದುರೆ ಹತ್ತುತ್ತಾನೆ. ದುಡ್ಡೂ ಅವನದೇ, ಬೆನ್ನುನೋವೂ ಅವನದೇ. ಕಚೇರಿಯ ತಂತ್ರಾಂಶದಲ್ಲಿ ಹಾಗಿಲ್ಲ. ದಿನವಿಡೀ ಬಳಸುವವರು ಒಬ್ಬರು, ವರ್ಷದ ಕೊನೆಗೆ ಸಹಿ ಹಾಕುವವರು ಇನ್ನೊಬ್ಬರು. ಸವಾರಿಯ ಸುಖ ಎಷ್ಟು ವರ್ಣಿಸಿದರೂ ಸಹಿ ಹಾಕುವವರ ಮೇಜಿನ ಮೇಲೆ ಅದು ಖರ್ಚಿನ ಒಂದು ಸಾಲು ಮಾತ್ರ.

ಎರಡನೆಯ ಬಿರುಕು ಇನ್ನೂ ಆಳದ್ದು. ಮಾರುಕಟ್ಟೆ ಹಿಗ್ಗಿಸಿದವರಿಗೇ ಅದರ ಫಸಲು ಸಿಗುತ್ತದೆಂದು ಪತ್ರ ನಂಬಿಕೊಂಡಿದೆ. ಏಕೆ ಸಿಗಬೇಕೆಂದು ಎಲ್ಲೂ ವಾದಿಸುವುದಿಲ್ಲ. 2016ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನದೇ ಚಾಟ್ ಸಾಧನವಾದ ಟೀಮ್ಸ್ ಪ್ರಕಟಿಸಿದಾಗ ಸ್ಲ್ಯಾಕ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ಅದನ್ನು ಸ್ವಾಗತಿಸಿತು. ಆ ಪುಟ ಜೀನಿನ ತರ್ಕದ ನೇರ ಸಂತಾನ: ಸವಾರರು ಹೆಚ್ಚಲಿ, ನಮಗೂ ಒಳ್ಳೆಯದೇ. 2019ರ ಜುಲೈ ಹೊತ್ತಿಗೆ ಟೀಮ್ಸ್ ದಿನಕ್ಕೆ 1.3 ಕೋಟಿ ಬಳಕೆದಾರರನ್ನು ಘೋಷಿಸಿತು. ಆ ವರ್ಷದ ಆರಂಭದಲ್ಲಿ ಸ್ಲ್ಯಾಕ್ ಹೇಳಿದ್ದ ಲೆಕ್ಕ 1 ಕೋಟಿ. ಸವಾರಿ ಕಲಿಸಿದವರು ಸ್ಲ್ಯಾಕ್‌ನವರು. ಕುದುರೆಯ ಜತೆಗೇ ಜೀನು ಬಿಗಿದುಕೊಟ್ಟವರು, ಅಂದರೆ ಆಫೀಸ್ 365ರೊಳಗೆ ಟೀಮ್ಸ್ ಇಟ್ಟವರು, ಬೇರೆ.

ಇಲ್ಲಿಗೆ ನಿಲ್ಲಿಸುವ ವಿಮರ್ಶಕರ ಗುಂಪೊಂದಿದೆ, ಅವರ ಜತೆ ನನಗೆ ಜಗಳವಿದೆ. ಕಟ್ಟು ಕಟ್ಟಿ ಪುಕ್ಕಟೆ ಕೊಡುವವರ ಮುಂದೆ ಯಾವ ಬರಹವೂ ಯಾವ ಕೌಶಲವೂ ನಡೆಯದು, ಪತ್ರವನ್ನು ಮಡಿಸಿಡಿ ಎನ್ನುತ್ತಾರೆ ಅವರು. 2020ರಲ್ಲಿ ಸ್ಲ್ಯಾಕ್ ಯುರೋಪಿಯನ್ ಕಮಿಷನ್‌ಗೆ ಈ ಕಟ್ಟಿನ ಬಗ್ಗೆ ದೂರು ಕೊಟ್ಟದ್ದನ್ನೂ, ಅದೇ ಡಿಸೆಂಬರ್‌ನಲ್ಲಿ 2,770 ಕೋಟಿ ಡಾಲರಿಗೆ ಸೇಲ್ಸ್‌ಫೋರ್ಸ್‌ಗೆ ಮಾರಾಟವಾಗಲು ಒಪ್ಪಿದ್ದನ್ನೂ ಸಾಕ್ಷಿಗೆ ತರುತ್ತಾರೆ. ಹಾಗಾದರೆ ಯಾಮರ್ ಏಕೆ ಗೆಲ್ಲಲಿಲ್ಲ? ಅದೂ ಅದೇ ಆಫೀಸ್ 365ರ ಕಟ್ಟಿನಲ್ಲೇ ಹೋಗಿತ್ತು. ಸ್ಲ್ಯಾಕ್ ಬೆಳೆದದ್ದು ಅದರ ಕಣ್ಣೆದುರೇ. ಹಿಪ್‌ಚಾಟ್‌ನ ಬೆನ್ನಿಗೆ ಅಟ್ಲಾಸಿಯನ್‌ನಂಥ ದೊಡ್ಡ ಕಂಪನಿಯಿತ್ತು. 2018ರಲ್ಲಿ ಅದರ ಹಕ್ಕುಗಳನ್ನು ಕೊಂಡದ್ದು ಸ್ಲ್ಯಾಕೇ. ಕಟ್ಟಿನ ಬಲವೊಂದರಿಂದಲೇ ಎಲ್ಲವನ್ನೂ ವಿವರಿಸಹೊರಟವರು ಈ ಎರಡು ಸೋಲುಗಳಿಗೆ ಉತ್ತರ ಹೇಳಬೇಕು. ಹೇಳುವುದಿಲ್ಲ, ಏಕೆಂದರೆ ಉತ್ತರ ಹುಡುಕಬೇಕಾದದ್ದು ಸರಕಿನ ಒಳಗೆ, ಪ್ರತಿದಿನದ ಬಳಕೆಯಲ್ಲಿ. ಅದಕ್ಕೆ ತಾಳ್ಮೆ ಬೇಕು.

ಆ ತಾಳ್ಮೆ ಪತ್ರದ ಕೊನೆಯ ಭಾಗದಲ್ಲಿದೆ. ಮೊದಲ ಸಲ ಸ್ಲ್ಯಾಕ್ ತೆರೆಯುವವಳೊಬ್ಬಳನ್ನು ಕಲ್ಪಿಸಿಕೊಳ್ಳಿ ಎನ್ನುತ್ತಾರೆ ಬಟರ್‌ಫೀಲ್ಡ್. ಆಕೆ ತಾನಾಗಿ ಬಂದವಳಲ್ಲ, ಮೇಲಿನವರು ಹೇಳಿದ್ದಕ್ಕೆ ಬಂದವಳು. ಬೆಳಗಿನ ತಿಂಡಿ ತಿನ್ನಲು ಹೊತ್ತಾಗಿಲ್ಲ, ಸಿಡುಕಿನಲ್ಲಿದ್ದಾಳೆ. ರಜೆಗೆ ಮುಂಚೆ ಮುಗಿಸಬೇಕಾದ ಕೆಲಸ ತಲೆಯ ಮೇಲಿದೆ. ಅವಳ ಕಣ್ಣಿನಿಂದ ನಿಮ್ಮ ಸರಕನ್ನು ನೋಡಿ. ಈ ಕೆಲವು ಸಾಲುಗಳು ಜೀನಿನ ರೂಪಕವನ್ನು ಸದ್ದಿಲ್ಲದೆ ಅಲ್ಲಗಳೆಯುತ್ತವೆ. ಇವಳಿಗೆ ಸವಾರಿ ಬೇಕಾಗಿಲ್ಲ, ಕುದುರೆಯ ಕನಸೂ ಇಲ್ಲ. ಇವಳ ಒಂದು ನಿಮಿಷ ಉಳಿಸಿದರೆ ಗೆದ್ದಿರಿ, ವ್ಯರ್ಥ ಮಾಡಿದರೆ ಸೋತಿರಿ. ಕೊಳ್ಳುವವರು ಬೇರೆ, ಬಳಸುವವರು ಬೇರೆ ಎಂಬುದನ್ನು ಪತ್ರ ಬಲ್ಲದು. ಬಲ್ಲದ್ದನ್ನು ತನ್ನ ಪ್ರಸಿದ್ಧ ಭಾಗದಲ್ಲೇ ಮರೆತಿದೆ.

ಈ ಎಚ್ಚರ ಪೂರ್ಣರೂಪ ಪಡೆದದ್ದು ಸ್ಲ್ಯಾಕ್‌ನ ದರಪಟ್ಟಿಯಲ್ಲಿ. ಅದನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ, ಓದಬೇಕಿತ್ತು. ಬಳಸುವುದನ್ನು ನಿಲ್ಲಿಸಿದ ಸದಸ್ಯರ ಪಾಲಿನ ಹಣವನ್ನು ಖಾತೆಗೆ ಮರಳಿ ಜಮೆ ಮಾಡುವ ನಿಯಮ ಅಲ್ಲಿತ್ತು. ಬಳಸದೆ ಬಿದ್ದಿರುವ ಪರವಾನಗಿಗಳ ಮೇಲೆ ಬದುಕುವ ಉದ್ಯಮದಲ್ಲಿ ಇದು ಅಪರೂಪದ ಪ್ರಾಮಾಣಿಕತೆ. ಸಹಿ ಹಾಕುವವರ ಭಯ ಕಳೆದದ್ದು ಇದರಿಂದ. ಇನ್ನೊಂದು, ಉಚಿತ ತಂಡಗಳಿಗೆ ಇತ್ತೀಚಿನ 10,000 ಸಂದೇಶಗಳಷ್ಟೇ ಕಾಣುತ್ತಿದ್ದ ಮಿತಿ. ಹೆಚ್ಚು ಬಳಸಿದವರೇ ಮೊದಲು ಆ ಗೋಡೆ ಮುಟ್ಟುತ್ತಿದ್ದರು; ಮುಟ್ಟುವ ಹೊತ್ತಿಗೆ ಅವರಿಗೆ ಸಾಧನದ ಬೆಲೆ ಗೊತ್ತಾಗಿರುತ್ತಿತ್ತು. 2,000 ಸಂದೇಶ ದಾಟಿದ ತಂಡಗಳಲ್ಲಿ ಶೇ. 93ರಷ್ಟು ಉಳಿದಿವೆ ಎಂದು ಬಟರ್‌ಫೀಲ್ಡ್ ಒಮ್ಮೆ ಹೇಳಿದ್ದರು. ಆ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ 10,000ದ ಜಾಣ್ಮೆ ತಿಳಿಯುತ್ತದೆ: ಒಲಿದವರನ್ನು ಮಾತ್ರ ದುಡ್ಡು ಕೇಳುವ ಗೋಡೆ ಅದು.

2022ರ ಸೆಪ್ಟೆಂಬರ್‌ನಲ್ಲಿ, ಸೇಲ್ಸ್‌ಫೋರ್ಸ್‌ನ ಒಡೆತನದಲ್ಲಿ, ಆ ಗೋಡೆ ಕೆಡವಿ 90 ದಿನಗಳ ಮಿತಿ ತಂದರು. ಅದರ ಜತೆಗೇ ಪ್ರೊ ಎಂಬ ಪಾವತಿ ಯೋಜನೆಯ ದರ, ವರ್ಷಕ್ಕೆ ಕಟ್ಟುವವರಿಗೆ, ತಲೆಗೆ ತಿಂಗಳ ಲೆಕ್ಕದಲ್ಲಿ 6.67 ಡಾಲರಿನಿಂದ 7.25ಕ್ಕೆ ಏರಿತು. ತಿಂಗಳಿಗೆ ನಾಲ್ಕು ಮಾತಾಡುವ ಸ್ವಯಂಸೇವಕರ ಗುಂಪಿಗೂ ದಿನಕ್ಕೆ ಸಾವಿರ ಸಂದೇಶ ಕಳಿಸುವ ಕಂಪನಿಗೂ ಈಗ ಒಂದೇ ಕ್ಯಾಲೆಂಡರ್. 2024ರ ಆಗಸ್ಟ್‌ನಿಂದ ಉಚಿತ ತಂಡಗಳ ಒಂದು ವರ್ಷಕ್ಕಿಂತ ಹಳೆಯ ಸಂದೇಶಗಳನ್ನು ಅಳಿಸಲು ಶುರುಮಾಡಿದರು. ಮುಂದೆಂದಾದರೂ ದುಡ್ಡು ಕಟ್ಟಿದರೂ ಅವು ಮರಳುವುದಿಲ್ಲ. ಹಣ ಕಟ್ಟಿದ ದಿನ ಹಳೆಯದೆಲ್ಲ ಕಣ್ಣಮುಂದೆ ಬರುತ್ತದೆ ಎಂಬ ಭರವಸೆಯೇ ಆ ದರಪಟ್ಟಿಯ ಅತ್ಯಂತ ಬಲವಾದ ಮಾತಾಗಿತ್ತು. ಅದನ್ನು ತೆಗೆದುಹಾಕಿದ ಬಗ್ಗೆ ಜೀನಿನ ಭಕ್ತರಲ್ಲಿ ಯಾರೂ ತಕರಾರು ಎತ್ತಿದ್ದು ನಾನು ಓದಿಲ್ಲ.