ಹೋವರ್ಡ್ ಕಂಡ ಬೇರು-ಶಿಲೀಂಧ್ರ

ಇಂದೋರ್ ಕಾಂಪೋಸ್ಟ್ ವಿಧಾನವನ್ನು ರೂಪಿಸಿದ ಆಲ್ಬರ್ಟ್ ಹೋವರ್ಡ್ ಅವರ 'ಆ್ಯನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್' (1940) ಶಿಕ್ಷಕರು ಓದಲೇಬೇಕಾದ ಪುಸ್ತಕ, ಆದರೆ ಎಚ್ಚರದಿಂದ. ಬೆಳೆಗಳ ಬೇರಿನೊಳಗೆ ವಾಸಿಸುವ ಶಿಲೀಂಧ್ರಕ್ಕೆ, ಅಂದರೆ ಮೈಕೊರೈಜಾಕ್ಕೆ, ಕೃಷಿಯಲ್ಲಿ ಮಹತ್ವದ ಸ್ಥಾನ ಕೊಟ್ಟದ್ದು ಅದರ ಹಿರಿಮೆ. ಬೇರು ಈ ಶಿಲೀಂಧ್ರವನ್ನು ಜೀರ್ಣಿಸಿಕೊಂಡು ಅದರ ಪ್ರೋಟೀನನ್ನು ಹೀರುತ್ತದೆ ಎಂಬ ವಿವರಣೆ ಮಾತ್ರ ನಿಲ್ಲುವುದಿಲ್ಲ. ಬೇರುರೋಮಗಳಿಗೆ ಎಟುಕದ ರಂಜಕವನ್ನು ಶಿಲೀಂಧ್ರದ ಎಳೆಗಳು ಮಣ್ಣಿನಿಂದ ತಂದು, ಬೇರಿನ ಕೋಶಗಳೊಳಗೆ ಪುಟ್ಟ ಮರದಂತೆ ಕವಲೊಡೆದು ಗಿಡಕ್ಕೆ ಒಪ್ಪಿಸುತ್ತವೆ. ಬದಲಿಗೆ ಸಕ್ಕರೆ, ಕೊಬ್ಬು ಪಡೆಯುತ್ತವೆ. ಆ ಕವಲುಗಳು ಕೆಲವೇ ದಿನಗಳಲ್ಲಿ ಕುಸಿಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದು ಜೀರ್ಣಕ್ರಿಯೆಯಂತೆ ಕಂಡರೆ ಆಶ್ಚರ್ಯವಿಲ್ಲ! ಗೊಬ್ಬರದ ಫಲದಲ್ಲಿ ಇಷ್ಟು ದೊಡ್ಡ ಪಾಲನ್ನು ಶಿಲೀಂಧ್ರಕ್ಕೆ ಕೊಟ್ಟದ್ದೂ ಅತಿಯಾಯಿತು. ಸಾಸಿವೆ, ಎಲೆಕೋಸುಗಳ ಬೇರಿನಲ್ಲಿ ಸಾಮಾನ್ಯವಾಗಿ ಈ ಶಿಲೀಂಧ್ರ ನೆಲೆಸುವುದೇ ಇಲ್ಲ. ಕಾಂಪೋಸ್ಟ್ ಹಾಕಿದರೆ ಅವೂ ಹುಲುಸಾಗಿ ಬೆಳೆಯುತ್ತವಲ್ಲ?