ಹೂಂ ಅನ್ನೋರಿಲ್ಲದ ಮಾತು

ಕಳೆದ ತಿಂಗಳು ಆಫೀಸಿನಲ್ಲಿ ನಮಗೆಲ್ಲ ಒಂದು ದಿನದ ಕಮ್ಯುನಿಕೇಶನ್ ಸ್ಕಿಲ್ಸ್ ತರಬೇತಿ ಇತ್ತು. ಎಸಿ ರೂಮು, ಸಮೋಸ, ಬಣ್ಣಬಣ್ಣದ ಸ್ಲೈಡು. ಮೂರನೇ ಸ್ಲೈಡಿಗೇ ಅದು ಬಂತು, ನೀವೂ ಎಲ್ಲಾದರೂ ನೋಡಿರ್ತೀರ. ಒಂದು ವೃತ್ತ, ಅದರಲ್ಲಿ ಮೂರು ತುಂಡು. ಆಡುವ ಪದಕ್ಕೆ ಶೇ. 7, ದನಿಗೆ ಶೇ. 38, ಹಾವಭಾವಕ್ಕೆ ಶೇ. 55. “ಅಂದ್ರೆ ನೀವು ಏನು ಹೇಳ್ತೀರಿ ಅನ್ನೋದು ಅಷ್ಟು ಮುಖ್ಯವೇ ಅಲ್ಲ. ಚಾಟ್‌ನಲ್ಲಿ ಉಳಿಯೋದು ಬರೀ 7. ಅದಕ್ಕೇ ಇಷ್ಟು ಜಗಳ, ಇಷ್ಟು ಅಪಾರ್ಥ. ಎಮೋಜಿ ಧಾರಾಳವಾಗಿ ಬಳಸಿ” ಅಂದರು ತರಬೇತಿಯವರು. ಎಲ್ಲರೂ ಬರೆದುಕೊಂಡರು. ನನಗೆ ಬರೆದುಕೊಳ್ಳೋಕೆ ಆಗಲಿಲ್ಲ. ಎಮೋಜಿ ಅಂದ ತಕ್ಷಣ ಗೌರಿ ನೆನಪಾದಳು.

ಗೌರಿ ನಮ್ಮನೆ ಹಸು. ಹಾಸನದ ಕಡೆಯ ನಮ್ಮೂರಲ್ಲಿ, ಒಂದು ಕಾಲಕ್ಕೆ ಆರು ದನ ಇದ್ದ ಕೊಟ್ಟಿಗೆಯಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಆರು ತಿಂಗಳ ಹಿಂದೆ, ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ನಡೀತಿರುವಾಗ ಅಪ್ಪನ ವಾಟ್ಸಾಪ್ ಮೆಸೇಜು ಬಂತು. ಅಪ್ಪನ ಮೆಸೇಜುಗಳು ಉದ್ದ, ಪೂರ್ಣವಿರಾಮ ಅನ್ನೋದೇ ಇರಲ್ಲ. ಹಿಂಡಿ ಬೂಸಾ ರೇಟು ಏರಿದೆ, ಡೇರಿಯಿಂದ ಬರೋ ದುಡ್ಡು ಅದಕ್ಕೇ ಸರಿಹೋಗುತ್ತೆ, ಪಕ್ಕದೂರಿನವರು ಗೌರೀನ ಕೇಳ್ತಾವ್ರೆ, ಒಳ್ಳೆ ರೇಟು ಹೇಳವ್ರೆ, ಮುಂಚಿನಂಗೆ ನೋಡ್ಕೊಳಕ್ಕೂ ಆಗ್ತಾ ಇಲ್ಲ, ಏನ್ ಮಾಡಾಣ ಮಗ. ಅರ್ಧ ಕಣ್ಣಲ್ಲಿ ಓದಿದೆ. ಇನ್ನರ್ಧ ಕಣ್ಣು ಲ್ಯಾಪ್‌ಟಾಪಿನ ಮೇಲಿತ್ತು. ಮೆಸೇಜಿನ ಮೇಲೆ ಬೆರಳಿಟ್ಟು ಒಂದು ಹೆಬ್ಬೆರಳಿನ ಗುರುತು ಒತ್ತಿದೆ. ನೋಡಿದೀನಿ ಅಪ್ಪ, ಆಮೇಲೆ ಮಾತಾಡ್ತೀನಿ ಅನ್ನೋದು ನನ್ನ ಅರ್ಥ. ಆಮೇಲೆ ಅನ್ನೋದು ಬರಲೇ ಇಲ್ಲ.

ಎರಡು ವಾರ ಬಿಟ್ಟು ಊರಿಗೆ ಹೋದೆ. ಕೊಟ್ಟಿಗೆ ಖಾಲಿ. ಯಾಕಪ್ಪ ಮಾರಿದೆ ಅಂದರೆ, “ನೀನೇ ಆಗ್ಲಿ ಅಂದ್ಯಲ್ಲ” ಅಂದ. ನಾನೆಲ್ಲಂದೆ? ಅಪ್ಪ ಫೋನ್ ತೆಗೆದು, ಮೆಸೇಜ್ ಹುಡುಕಿ, ನನ್ನ ಮುಖದ ಮುಂದೆ ಹಿಡಿದ. “ನೋಡು, ಹೆಬ್ಬೆಟ್ಟು ಒತ್ತಿದೀಯ.”

ಹೆಬ್ಬೆಟ್ಟು ಒತ್ತೋದು ಅಂದರೆ ಏನು ಅಂತ ನನ್ನ ತಲೆಮಾರಿನವರು ಮರೆತಿರಬಹುದು. ಅಪ್ಪ ಮರೆತಿಲ್ಲ. ಅವನ ಅಪ್ಪ ಸಾಲದ ಪತ್ರಕ್ಕೆ, ಕ್ರಯಪತ್ರಕ್ಕೆ ಒತ್ತಿದ್ದು ಅದೇ ಬೆರಳು. ಅಲ್ಲಿಗೆ ಮಾತು ಮುಗೀತು ಅಂತ ಅರ್ಥ.

ರಾತ್ರಿ ಊಟ ಆದಮೇಲೆ ಅವ್ವ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. “ದುಡ್ಡಿಗಲ್ಲ ಕಣಪ್ಪ. ನಿಮ್ಮಪ್ಪಂಗೆ ಕೈ ನಡುಗ್ತದೆ. ಹಾಲು ಕರೆಯಕ್ಕಾಗಲ್ಲ. ಅದನ್ನ ಹೆಂಗೆ ಹೇಳದು ಅಂತ ಹಸೀನ ವಿಷ್ಯ ಬರೆದ್ರು. ನೀನು ಯಾಕೆ ಅಂತ ಕೇಳ್ತೀಯ ಅನ್ಕಂಡಿದ್ರು.”

ಈಗ ಆ ಸ್ಲೈಡಿಗೆ ವಾಪಸ್ ಬರ್ತೀನಿ. ನನಗೆ ಬೇಜಾರು ಬಂದಿದ್ದು ಆ ಲೆಕ್ಕ ತಪ್ಪು ಅಂತ ಮಾತ್ರ ಅಲ್ಲ. ಅದು ನಮ್ಮನ್ನ ತಪ್ಪು ದಾರಿಗೆ ಕರ್ಕೊಂಡು ಹೋಗುತ್ತೆ ಅಂತ.

7-38-55ರ ಮೂಲ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು 1967ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಎರಡು ಪ್ರಯೋಗ. ಒಂದರಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಇನ್ನೊಂದರಲ್ಲಿ ‘ಇರಬಹುದು’ ಅನ್ನುವಂಥ ಒಂದೇ ಪದಕ್ಕೆ ಮುಖದ ಫೋಟೋ ಜೋಡಿಸಿದರು. ಕೇಳಿದ ಪ್ರಶ್ನೆಯೂ ಚಿಕ್ಕದು: ಮಾತಾಡಿದವರಿಗೆ ಎದುರಿನವರ ಮೇಲೆ ಇಷ್ಟವಿದೆಯಾ, ಇಲ್ಲವಾ? ಪದ ಒಂದು, ದನಿ ಇನ್ನೊಂದು ಹೇಳಿದಾಗ ಜನ ಯಾವುದನ್ನ ನಂಬ್ತಾರೆ ಅನ್ನೋದು ಅದರ ವಿಷಯ. ಭಾವನೆ, ಇಷ್ಟಾನಿಷ್ಟದ ಮಾತು ಬಿಟ್ಟು ಬೇರೆಯದಕ್ಕೆ ಈ ಸೂತ್ರ ಹೊಂದಲ್ಲ ಅಂತ ಮೆಹ್ರಾಬಿಯನ್ ತಾವೇ ಸ್ಪಷ್ಟಪಡಿಸಿದ್ದಾರೆ. ಆದರೂ ಆ ವೃತ್ತ ಒಂದು ತರಬೇತಿಯಿಂದ ಇನ್ನೊಂದಕ್ಕೆ ಉರುಳ್ತಾನೇ ಇದೆ. ಮಾತಿನ ಅರ್ಥ ಶೇ. 7 ಮಾತ್ರ ಪದದಲ್ಲಿರೋದಾದರೆ, ಚೀನೀ ಭಾಷೆಯ ಸಿನಿಮಾ ನೋಡೋಕೆ ಸಬ್‌ಟೈಟಲ್ ಯಾಕೆ ಬೇಕು ಸ್ವಾಮಿ?

ಇನ್ನೂ ಸರಳವಾದ ತಕರಾರು ನಮ್ಮನೆಯಲ್ಲೇ ಇದೆ. ನಾನು ಪಿಯುಸಿಗೆ ಹಾಸ್ಟೆಲ್ ಸೇರಿದಾಗ ವಾರಕ್ಕೊಮ್ಮೆ ಕಾಯಿನ್ ಬೂತಿಂದ ಮನೆಗೆ ಫೋನ್ ಮಾಡ್ತಿದ್ದೆ. ಮುಖ ಕಾಣಿಸ್ತಿರಲಿಲ್ಲ, ಕೈ ಸನ್ನೆ ಕಾಣಿಸ್ತಿರಲಿಲ್ಲ. ಸ್ಲೈಡಿನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕಮ್ಯುನಿಕೇಶನ್ ಲಾಸು. ಆದರೆ ಒಂದು ಸಲ ನನಗೆ ಜ್ವರ ಬಂದಿದ್ದನ್ನ ನಾನು ಹೇಳದೇ ಅಪ್ಪ ಕಂಡುಹಿಡಿದಿದ್ದ. ಹಾವಭಾವ ಇಲ್ಲದೆಯೂ ಫೋನು ಕೆಲಸ ಮಾಡ್ತಿತ್ತು. ಹಾಗಾದರೆ ಚಾಟ್‌ನಲ್ಲಿ ಇಲ್ಲದ್ದು, ಫೋನಿನಲ್ಲಿ ಇದ್ದದ್ದು ಯಾವುದು?

ಉತ್ತರ ನನ್ನಜ್ಜಿಗೆ ಗೊತ್ತಿತ್ತು. ಕರೆಂಟು ಹೋದ ರಾತ್ರಿ ಅಜ್ಜಿ ಕಥೆ ಹೇಳೋಳು. ಒಂದೇ ಶರತ್ತು: ಹೂಂಗುಟ್ಟಬೇಕು. ಕತ್ತಲಲ್ಲಿ ಅವಳಿಗೆ ನಮ್ಮ ಮುಖ ಕಾಣಲ್ಲ. ನಾಲ್ಕು ಮಾತಿಗೊಂದು ಹೂಂ ಬರದಿದ್ದರೆ ಕಥೆ ಅಲ್ಲೇ ನಿಲ್ಲೋದು. “ಮಲಗಿಬಿಟ್ರೇನ್ರೋ? ಹೂಂ ಅನ್ನದಿದ್ರೆ ನಾನ್ಯಾರಿಗೆ ಹೇಳ್ಲಿ?” ನಾವು ಹೂಂ ಅಂದ ಬಗೆ ನೋಡಿ ಕಥೆಯೂ ತಿರುಗೋದು. ಹೆದರಿದ ಹೂಂ ಬಂದರೆ ರಾಕ್ಷಸಿ ಬೇಗ ಸಾಯೋಳು. ನಿದ್ದೆಗಣ್ಣಿನ ಹೂಂ ಬಂದರೆ ರಾಜಕುಮಾರನ ಮದುವೆ ಆವತ್ತೇ ಮುಗಿಯೋದು. ನಮ್ಮ ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರನ್ನ ನೋಡಿ, ಮುಂದೆ ಹಾಡುವವನ ಜೊತೆ ಹಿಮ್ಮೇಳದವರು ಸೊಲ್ಲು ಸೇರಿಸ್ತಾನೇ ಇರ್ತಾರೆ. ಒಬ್ಬನೇ ಹೇಳಿ ಮುಗಿಸೋ ಕಥೆ ಅಲ್ಲ ಅದು.

ಈ ಹೂಂಗೆ ಭಾಷಾವಿಜ್ಞಾನದಲ್ಲೂ ಒಂದು ಹೆಸರಿದೆ. 1970ರಲ್ಲಿ ವಿಕ್ಟರ್ ಇಂಗ್ವೆ ಇದನ್ನ ‘ಬ್ಯಾಕ್ ಚಾನೆಲ್’ ಅಂತ ಕರೆದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು, ಮಾತಿನ ಸರದಿ ಕಸಿದುಕೊಳ್ಳದೆ, ಹಿಂಬಾಗಿಲಿಂದ ಕಳಿಸೋ ಸಣ್ಣ ಸದ್ದುಗಳು. ಹೂಂ, ಹೌದಾ, ಆಮೇಲೆ, ಅಯ್ಯೋ, ಥೋ, ಕೊನೆಗೆ ಒಂದು ಲೊಚಗುಟ್ಟುವಿಕೆ. ಇವು ಬರೀ ಮರ್ಯಾದೆಗೆ ಆಡೋ ಮಾತಲ್ಲ ಅಂತ ತೋರಿಸಿದ್ದು ಕೆನಡಾದ ಜಾನೆಟ್ ಬಾವೆಲಾಸ್ ಮತ್ತು ಸಂಗಡಿಗರು, 2000ದಲ್ಲಿ. ತಾವು ಕೂದಲೆಳೆಯಲ್ಲಿ ಅಪಾಯದಿಂದ ಪಾರಾದ ಘಟನೆಯನ್ನ ಹೇಳಿ ಅಂತ ಕೆಲವರಿಗೆ ಹೇಳಿದರು. ಕೇಳುಗರಲ್ಲಿ ಕೆಲವರಿಗೆ ಗುಟ್ಟಾಗಿ ಬೇರೆ ಕೆಲಸ ಕೊಟ್ಟರು: ಇಂಗ್ಲಿಷಿನ ‘ಟಿ’ ಅಕ್ಷರದಿಂದ ಶುರುವಾಗೋ ಪದ ಬಂದಾಗೆಲ್ಲ ಒಂದು ಗುಂಡಿ ಒತ್ತಿ. ಈ ಕೇಳುಗರು ಪ್ರತಿ ಪದವನ್ನೂ ಕಿವಿಗೊಟ್ಟು ಕೇಳಿದರು, ಆದರೆ ಕಥೆ ಕೇಳಲಿಲ್ಲ. ಸರಿಯಾದ ಜಾಗದಲ್ಲಿ ಅಯ್ಯೋ ಅನ್ನಲಿಲ್ಲ. ಪರಿಣಾಮ ಏನಾಯ್ತು ಗೊತ್ತಾ? ಹೇಳುವವರ ಕಥೆಯೇ ಕೆಟ್ಟಿತು. ಅದರಲ್ಲೂ ಕಥೆಯ ಕೊನೆ, ಎದೆ ಝಲ್ ಅನ್ನಬೇಕಾದ ಜಾಗವೇ ಸೊರಗಿತು. ಕೇಳುವವರು ಕೈಬಿಟ್ಟರೆ ಹೇಳುವವರಿಗೆ ಹೇಳೋಕೂ ಬರಲ್ಲ.

ಇದನ್ನ ಓದಿದಾಗ ಅಪ್ಪನ ಮೆಸೇಜು ಕಣ್ಣ ಮುಂದೆ ಬಂತು. ಅವನ ಕಥೆಯಲ್ಲಿ ಮುಖ್ಯವಾದದ್ದು ಕೊನೆಯಲ್ಲಿತ್ತು: ಮುಂಚಿನಂಗೆ ನೋಡ್ಕೊಳಕ್ಕೂ ಆಗ್ತಾ ಇಲ್ಲ. ಫೋನಾಗಿದ್ದರೆ ಅಲ್ಲಿ ನಾನು ಯಾಕಪ್ಪ ಅಂತಿದ್ದೆ. ಅಪ್ಪ ಒಂದು ಕ್ಷಣ ಸುಮ್ಮನಾಗ್ತಿದ್ದ. ಆ ಸುಮ್ಮನಾಗಿದ್ದೂ ನನಗೆ ಕೇಳಿಸ್ತಿತ್ತು. ಮೆಸೇಜಿನಲ್ಲಿ ಆ ಸಾಲು ಬಂತು, ನನ್ನ ಕಡೆಯಿಂದ ಏನೂ ಬರಲಿಲ್ಲ, ಕೈ ನಡುಕದ ಮಾತು ಅವನ ಹತ್ತಿರವೇ ಉಳೀತು.

ವಾಟ್ಸಾಪ್‌ಗೂ ಈ ಕೊರತೆ ಗೊತ್ತು. ಅದಕ್ಕೇ ಹೂಂ ಬದಲಿಗೆ ಏನೇನೋ ಕೊಟ್ಟು ನೋಡಿದೆ. 2014ರ ನವೆಂಬರ್‌ನಲ್ಲಿ ನೀಲಿ ಟಿಕ್ ಬಂತು. ಅದು ಪರದೆಯಲ್ಲಿ ಮೆಸೇಜು ತೆರೆಯಿತು ಅನ್ನುತ್ತೆ, ಮನಸ್ಸು ತೆರೆಯಿತಾ ಅನ್ನೋದು ಅದಕ್ಕೆ ಗೊತ್ತಿಲ್ಲ. ಅಜ್ಜಿಯ ಕಥೆಗೆ ಹೋಲಿಸಿದರೆ, ಕಣ್ಣು ಬಿಟ್ಟಿದಾನೆ, ಎಚ್ಚರ ಇದಾನೋ ಇಲ್ವೋ ಗೊತ್ತಿಲ್ಲ ಅಂದ ಹಾಗೆ. 2021ರಲ್ಲಿ ವಾಯ್ಸ್ ಮೆಸೇಜನ್ನ ಎರಡು ಪಟ್ಟು ವೇಗದಲ್ಲಿ ಕೇಳೋ ಸೌಲಭ್ಯ ಬಂತು. ಅವ್ವ ಉಸಿರು ತಗೊಳ್ಳೋ ಜಾಗವನ್ನೂ ಅರ್ಧ ಮಾಡಿ ಕೇಳೋ ಪುಣ್ಯ ನಮಗೆ ಸಿಕ್ತು. 2022ರಲ್ಲಿ ಮೆಸೇಜಿಗೇ ಅಂಟಿಸೋ ರಿಯಾಕ್ಷನ್ ಬಂತು. ಹೆಬ್ಬೆರಳು, ಹೃದಯ, ನಗು, ಅಚ್ಚರಿ, ಅಳು, ಕೈಮುಗಿಯೋದು.

ನೋಡೋಕೆ ಇದು ಹೂಂ ಥರಾನೇ ಇದೆ. ಆದರೆ ಹೂಂ ಮಾತಿನ ನಡುವೆ ಬರುತ್ತೆ, ಮುಂದೆ ಹೇಳು ಅನ್ನುತ್ತೆ. ರಿಯಾಕ್ಷನ್ ಮಾತು ಮುಗಿದ ಮೇಲೆ ಬರುತ್ತೆ, ಸಾಕು ಅನ್ನುತ್ತೆ. ಆಫೀಸಿನ ಗ್ರೂಪಿನಲ್ಲಿ ಅದು ಸಲೀಸು. ಮೀಟಿಂಗ್ ನಾಲ್ಕಕ್ಕೆ ಅಂದರೆ ಹೆಬ್ಬೆರಳು ಸಾಕು. ಏನ್ ಮಾಡಾಣ ಮಗ ಅನ್ನೋದಕ್ಕೆ ಅದೇ ಹೆಬ್ಬೆರಳು ಒತ್ತಿದರೆ ಬಾಗಿಲು ಹಾಕಿಕೊಂಡ ಹಾಗೆ.

ಜೊತೆಗೆ ಅದರ ಅರ್ಥವೂ ಗಟ್ಟಿಯಿಲ್ಲ. ಸಿಕ್ಕಿತು ಅಂತಲಾ, ಓದಿದೆ ಅಂತಲಾ, ಒಪ್ಪಿದೆ ಅಂತಲಾ? ಇದೇ ಪ್ರಶ್ನೆ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಕೋರ್ಟಿನ ತನಕ ಹೋಗಿತ್ತು. 2021ರ ಮಾರ್ಚಿನಲ್ಲಿ ಧಾನ್ಯ ಖರೀದಿದಾರನೊಬ್ಬ ರೈತನಿಗೆ ಅಗಸೆ ಬೀಜದ ಕರಾರಿನ ಫೋಟೋ ಕಳಿಸಿ, ಖಚಿತಪಡಿಸಿ ಅಂದ. ರೈತ ಹೆಬ್ಬೆರಳು ಕಳಿಸಿದ. ಕೊಯ್ಲಿನ ಹೊತ್ತಿಗೆ ರೇಟು ಏರಿತ್ತು, ಬೀಜ ಬರಲಿಲ್ಲ. ಕರಾರು ಸಿಕ್ಕಿದೆ ಅಂತ ಅಷ್ಟೇ ಒತ್ತಿದ್ದು, ಒಪ್ಪಿದೆ ಅಂತಲ್ಲ ಅಂತ ರೈತನ ವಾದ. ಇಬ್ಬರ ನಡುವಿನ ಹಳೇ ವ್ಯವಹಾರದಲ್ಲಿ ಓಕೆ ಅಂತ ಚುಟುಕಾಗಿ ಉತ್ತರಿಸಿ ಮಾಲು ಕೊಟ್ಟಿದ್ದನ್ನ ನೋಡಿದ ನ್ಯಾಯಾಧೀಶರು, ಇದೂ ಒಪ್ಪಿಗೆಯೇ ಅಂದರು. 2023ರ ಜೂನಿನಲ್ಲಿ ತೀರ್ಪು ಬಂತು, ಸುಮಾರು 82,000 ಕೆನಡಾ ಡಾಲರ್ ಪರಿಹಾರ ತೆರಬೇಕಾಯ್ತು. 2024ರಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು. ಆ ನ್ಯಾಯಾಧೀಶರೂ ನಮ್ಮಪ್ಪನೂ ಒಂದೇ ತೀರ್ಮಾನಕ್ಕೆ ಬಂದರು ನೋಡಿ. ನಾನೂ ಆ ರೈತನೂ ಒಂದೇ ಕಡೆ.

ಇಲ್ಲೊಂದು ಪ್ರಶ್ನೆ ನೀವು ಕೇಳಬೇಕು. ಕಾಗದದಲ್ಲೂ ಹೂಂ ಇರಲಿಲ್ಲವಲ್ಲ? ನಿಜ. ಆದರೆ ಕಾಗದ ಬರೆಯೋರಿಗೆ ಅದು ಗೊತ್ತಿತ್ತು. ಎದುರಿಗೆ ಯಾರೂ ಇಲ್ಲ, ಉತ್ತರ ಬರೋಕೆ ವಾರ ಬೇಕು ಅಂತ ತಿಳಿದೇ ಕ್ಷೇಮ ಸಮಾಚಾರದಿಂದ ಶುರುಮಾಡಿ ಎಲ್ಲವನ್ನೂ ಬಿಡಿಸಿ ಬರೀತಿದ್ದರು. ಓದೋರೂ ಕೂತು ಎರಡು ಸಲ ಓದ್ತಿದ್ದರು. ಚಾಟ್ ಹಾಗಲ್ಲ. ಅದು ಮಾತಿನ ವೇಷ ಹಾಕಿದ ಕಾಗದ. ಮಾತಾಡೋ ಹಾಗೆ ಅರ್ಧಂಬರ್ಧ ಹೇಳ್ತೀವಿ, ಉಳಿದದ್ದನ್ನ ಎದುರಿನವರು ಕೇಳಿ ತಿಳ್ಕೊತಾರೆ ಅಂತ ಕಾಯ್ತೀವಿ. ಎದುರಿನವರು ಬಸ್ಸಲ್ಲಿ ನಿಂತಿರ್ತಾರೆ.

ಚಾಟ್ ಕೆಟ್ಟದ್ದು ಅಂತ ಹೇಳೋಕೆ ನಾನು ಹೊರಟಿಲ್ಲ. ಮಾತಾಡುವಾಗ ತೊದಲೋ ಗೆಳೆಯನೊಬ್ಬ ನನಗಿದಾನೆ. ಟೈಪ್ ಮಾಡುವಾಗ ಅವನಷ್ಟು ತಮಾಷೆಯವನು ನಮ್ಮ ಗುಂಪಲ್ಲಿ ಯಾರೂ ಇಲ್ಲ. ಮಾತು ಹಿಂದೆ ತಗೊಳ್ಳೋಕಾಗಲ್ಲ, ಮೆಸೇಜು ಕಳಿಸೋ ಮುಂಚೆ ಅಳಿಸಬಹುದು. 1991ರಲ್ಲಿ ಹರ್ಬರ್ಟ್ ಕ್ಲಾರ್ಕ್ ಮತ್ತು ಸೂಸನ್ ಬ್ರೆನನ್ ಹೇಳಿದ್ದು ಇದನ್ನೇ. ಪ್ರತಿ ಮಾಧ್ಯಮವೂ ಏನೋ ಕೊಡುತ್ತೆ, ಏನೋ ಕಿತ್ಕೊಳ್ಳುತ್ತೆ. ಆದರೆ ಯಾವುದರಲ್ಲಿ ಮಾತಾಡಿದರೂ, ನಾನು ಹೇಳಿದ್ದು ನಿನಗೆ ಅರ್ಥ ಆಯ್ತು ಅಂತ ಇಬ್ಬರೂ ಖಚಿತ ಮಾಡ್ಕೊಳ್ಳೋ ತನಕ ಮಾತು ಮುಗಿದಿಲ್ಲ. ಆ ಖಚಿತ ಮಾಡ್ಕೊಳ್ಳೋ ಕೆಲಸವನ್ನ ಎದುರೆದುರು ಕೂತಾಗ ಹೂಂ ಪುಕ್ಕಟೆಯಾಗಿ ಮಾಡಿಕೊಡುತ್ತೆ. ಚಾಟ್‌ನಲ್ಲಿ ನಾವೇ ಕೈಯಾರೆ ಮಾಡಬೇಕು.

ಅದಕ್ಕೆ ನನ್ನ ತಕರಾರು ಎಮೋಜಿ ಬಳಸಿ ಅನ್ನೋ ಸಲಹೆ ಮೇಲೆ. ಅದು ಹೇಳುವವರಿಗೆ ಕೊಟ್ಟ ಸಲಹೆ. ಇಡೀ ದಿನದ ತರಬೇತಿಯಲ್ಲಿ ಹೇಗೆ ಹೇಳಬೇಕು ಅಂತ ಕಲಿಸಿದರು, ಹೇಗೆ ಹೂಂ ಅನ್ನಬೇಕು ಅಂತ ಯಾರೂ ಕಲಿಸಲಿಲ್ಲ. ಟೈಪ್ ಮಾಡಿಯೂ ಹೂಂ ಅನ್ನಬಹುದು. ಬಂದ ಮೆಸೇಜಿನಿಂದ ಒಂದು ಮಾತು ಎತ್ಕೊಂಡು ವಾಪಸ್ ಕೇಳಿದರೆ ಆಯ್ತು. ‘ನೋಡ್ಕೊಳಕ್ಕೆ ಆಗ್ತಿಲ್ವಾ, ಯಾಕಪ್ಪ?’ ಅಷ್ಟು ಬರೆಯೋಕೆ ಹತ್ತು ಸೆಕೆಂಡು ಸಾಕಿತ್ತು. ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಏನೂ ಆಗ್ತಿರಲಿಲ್ಲ.

ಅಪ್ಪನನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋದ್ವಿ. ಮಾತ್ರೆ ಕೊಟ್ಟಿದಾರೆ, ನಡುಕ ಸ್ವಲ್ಪ ಹಿಡಿತಕ್ಕೆ ಬಂದಿದೆ. ಗೌರಿ ಪಕ್ಕದೂರಲ್ಲಿ ಕರು ಹಾಕಿದಾಳಂತೆ. ಈಗ ಭಾನುವಾರ ಬೆಳಿಗ್ಗೆ ನಾನೇ ಫೋನ್ ಮಾಡ್ತೀನಿ. ಅಪ್ಪ ಮಳೆ, ತೆಂಗು, ಡೇರಿ ಅಧ್ಯಕ್ಷರ ಜಗಳ ಅಂತ ಸುತ್ತಿ ಬಳಸಿ ತನ್ನ ಕೈ ವಿಷಯಕ್ಕೆ ಬರೋಕೆ ಇಪ್ಪತ್ತು ನಿಮಿಷ ಬೇಕು. ನಡುವೆ ನಾನು ಲ್ಯಾಪ್‌ಟಾಪ್ ಕಡೆ ತಿರುಗಿದರೆ ಅವನಿಗೆ ಗೊತ್ತಾಗಿಬಿಡುತ್ತೆ. ಥೇಟ್ ಅವನ ಅವ್ವನ ಥರವೇ ನಿಲ್ಲಿಸ್ತಾನೆ.

“ಕೇಳ್ತಾ ಇದೀಯಾ ಮಗ?”

“ಹೂಂ. ಹೇಳಪ್ಪ.”